ಹೊರದೇಶದ ಕಂಪ್ಯೂಟರ್‌ಗೆ ನಮ್ಮ ಕರೆಂಟ್: ಪಿನ್ ಹಾಕುವ ಮೊದಲು, ಸುಟ್ಟ ಮೇಲೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಅಮೆರಿಕದಲ್ಲಿರುವ ಮಗಳು ಕಂಪ್ಯೂಟರ್ ಕಳಿಸಿದ್ದಾಳೆ, ಇಲ್ಲವೇ ಸೌದಿಯಿಂದ ರಜೆಗೆ ಬಂದ ತಮ್ಮ ಒಂದು ಸೆಟ್ ತಂದಿದ್ದಾನೆ. ಪಿನ್ ಹಾಕಿ ಗೋಡೆಯ ಬಟನ್ ಒತ್ತಿದ ಕೂಡಲೇ ಢಂ ಅಂತ ಸದ್ದು, ಸುಟ್ಟ ವಾಸನೆ, ಮನೆಯ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಬಂದ್ ಆಗುವ ಸ್ವಿಚ್) ಬಿತ್ತು. ಈಗ ಏನು ಮಾಡಬೇಕು? ಒಳಗಿದ್ದ ಫೋಟೋ, ಫೈಲ್ ಎಲ್ಲ ಹೋದವಾ?

ಹೆಚ್ಚಿನ ಸಲ ಹೋಗಿರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಾಬರಿಯಲ್ಲಿ ಮತ್ತೊಮ್ಮೆ ಬಟನ್ ಒತ್ತಿ ನೋಡುವುದರಿಂದಲೇ ಉಳಿದದ್ದೂ ಕೆಡುತ್ತದೆ. ನಿಮ್ಮ ಕಂಪ್ಯೂಟರ್ ಈಗಾಗಲೇ ಸುಟ್ಟಿದ್ದರೆ ನೇರವಾಗಿ ಏಳನೇ ಹಂತಕ್ಕೆ ಹೋಗಿ. ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ ಅಂದರೆ ಇಲ್ಲಿಂದ ಓದಿ.

ಮೊದಲು ಒಂದೆರಡು ಅಂಕಿ. ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ವೋಲ್ಟ್ ಅಂದರೆ ಕರೆಂಟನ್ನು ತಳ್ಳುವ ಒತ್ತಡ. ಹರ್ಟ್ಸ್ ಅಂದರೆ ಆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಎನ್ನುವ ಲೆಕ್ಕ. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್. ಗಲ್ಫ್ ದೇಶಗಳನ್ನೆಲ್ಲ ಒಂದೇ ಅಂದುಕೊಳ್ಳಬೇಡಿ. ದುಬೈ, ಕುವೈತ್, ಕತಾರ್‌ಗಳಲ್ಲಿ ಹೆಚ್ಚುಕಡಿಮೆ ನಮ್ಮಷ್ಟೇ ವೋಲ್ಟೇಜ್ ಇದೆ, ಪಿನ್ ಮಾತ್ರ ಬೇರೆ. ಸೌದಿಯ ಹಳೆಯ ಮನೆಗಳಲ್ಲಿ 127 ವೋಲ್ಟಿನ ಸಾಕೆಟ್‌ಗಳಿವೆ, ಅದೇ ಮನೆಯಲ್ಲಿ ಏಸಿಗೆ 220 ಕೂಡ ಇರುತ್ತದೆ. ಹಾಗಾಗಿ ಸೌದಿಯಿಂದ ಬಂದ ಸಾಮಾನು ಎರಡರಲ್ಲಿ ಯಾವುದಾದರೂ ಆಗಿರಬಹುದು.

ಕಡಿಮೆ ವೋಲ್ಟೇಜಿನ ಸಾಮಾನನ್ನು ನಮ್ಮ ಕರೆಂಟಿಗೆ ಹಾಕಿದರೆ ಸುಡುತ್ತದೆ. ಉಲ್ಟಾ ಆದರೆ, ಅಂದರೆ 230ಕ್ಕೆ ಹೊಂದಿಸಿದ ಕಂಪ್ಯೂಟರ್ ಅನ್ನು ಅಮೆರಿಕದಲ್ಲಿ ಹಾಕಿದರೆ, ಅದು ಸುಮ್ನೆ ಆನ್ ಆಗುವುದಿಲ್ಲ, ಅಷ್ಟೇ. ಅಪಾಯವೆಲ್ಲ ನಮ್ಮ ಕಡೆಗೇ ಇದೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಟಾರ್ಚ್, ಸಣ್ಣ ಅಕ್ಷರವನ್ನು ದೊಡ್ಡದು ಮಾಡಿ ನೋಡಲು ಮೊಬೈಲ್ ಕ್ಯಾಮೆರಾ, ಸಣ್ಣ ಸ್ಕ್ರೂಡ್ರೈವರ್, ವೋಲ್ಟೇಜ್ ಅಳೆಯಲು ಒಂದು ಡಿಜಿಟಲ್ ಮಲ್ಟಿಮೀಟರ್, ನಮ್ಮ ಮೂರು ಪಿನ್ನಿನ ಕಂಪ್ಯೂಟರ್ ಪವರ್ ಕೇಬಲ್. ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಭಾಗದ ಪ್ರತಿ ಮನೆಯಲ್ಲೂ ಒಂದು ಇರಬೇಕು ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ಕಾರಣ ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಲೇಬಲ್ ಓದಿ

ಕಂಪ್ಯೂಟರ್ ಡಬ್ಬಿಯ ಹಿಂಬದಿಯಲ್ಲಿ ಪವರ್ ಕೇಬಲ್ ಸಿಕ್ಕಿಸುವ ಜಾಗ ಇದೆಯಲ್ಲ, ಅದರ ಒಳಗಿನ ಉಕ್ಕಿನ ಪೆಟ್ಟಿಗೆಯೇ ಎಸ್‌ಎಂಪಿಎಸ್. ಗೋಡೆಯಿಂದ ಬಂದ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಕೊಡುವುದು ಇದರ ಕೆಲಸ. ಇದರ ಮೇಲೆ ಒಂದು ಲೇಬಲ್ ಇರುತ್ತದೆ. ಹೊರಗಿನಿಂದ ಕಾಣದಿದ್ದರೆ ಡಬ್ಬಿಯ ಪಕ್ಕದ ಬಾಗಿಲು ತೆಗೆದು ನೋಡಿ. ಪಿನ್ ಇನ್ನೂ ಹಾಕಿಲ್ಲ, ಹಾಗಾಗಿ ಭಯವಿಲ್ಲ.

ಲೇಬಲ್‌ನಲ್ಲಿ ಇನ್‌ಪುಟ್ ಎಂಬ ಸಾಲು ಹುಡುಕಿ. ಔಟ್‌ಪುಟ್ ಸಾಲು ಈಗ ಬೇಡ. ಬಹಳ ಜನ ಅದನ್ನು ಓದಿ ಮೋಸ ಹೋಗುತ್ತಾರೆ.

ಇನ್‌ಪುಟ್ 100-240 ಎಂದು ನಡುವೆ ಅಡ್ಡಗೆರೆ ಇದ್ದರೆ, ಅದು ಈ ಎರಡರ ನಡುವಿನ ಯಾವ ವೋಲ್ಟೇಜನ್ನಾದರೂ ತಾನೇ ಗುರುತಿಸಿ ತೆಗೆದುಕೊಳ್ಳುತ್ತದೆ. ನಮ್ಮಲ್ಲಿ ಧೈರ್ಯವಾಗಿ ಹಾಕಬಹುದು. 200-240 ಅಥವಾ 220-240 ಇದ್ದರೂ ಸರಿ. 115/230 ಎಂದು ನಡುವೆ ಓರೆಗೆರೆ ಇದ್ದರೆ ಹುಷಾರು. ಇದೋ ಅದೋ, ನೀವೇ ಆರಿಸಬೇಕು ಎಂದು ಅದರ ಅರ್ಥ. ಎಲ್ಲೋ ಒಂದು ಸ್ವಿಚ್ ಇದೆ, ಎರಡನೇ ಹಂತ ಅದರದ್ದೇ. ಬರೀ 115, ಬರೀ 120, ಅಥವಾ 100-127 ಇದ್ದರೆ ನಮ್ಮ ಬೋರ್ಡಿಗೆ ನೇರವಾಗಿ ಹಾಕಲೇಬೇಡಿ. ಆ ಎಸ್‌ಎಂಪಿಎಸ್ ತೆಗೆಸಿ ಇಲ್ಲಿನದನ್ನು ಹಾಕಿಸುವುದೇ ಒಳ್ಳೆಯದು.

ಲ್ಯಾಪ್‌ಟಾಪ್ ಆದರೆ ಕೆಲಸ ಸುಲಭ. ಅದರ ಅಡಾಪ್ಟರ್, ಅಂದರೆ ವೈರಿನ ನಡುವೆ ಇರುವ ಕಪ್ಪು ಡಬ್ಬಿ, ಹೆಚ್ಚುಕಡಿಮೆ ಯಾವಾಗಲೂ 100-240ರದ್ದೇ ಆಗಿರುತ್ತದೆ. ಆದರೂ ಒಮ್ಮೆ ಕಣ್ಣಾಡಿಸಿ.

ಹಂತ 2: ಕೆಂಪು ಸ್ವಿಚ್

ಪವರ್ ಕೇಬಲ್ ಜಾಗದ ಪಕ್ಕದಲ್ಲೇ ಒಂದು ಸಣ್ಣ ಕೆಂಪು ಸ್ವಿಚ್ ಇರಬಹುದು. ಅದು ಆನ್-ಆಫ್ ಬಟನ್ ಅಲ್ಲ. ಅಕ್ಕಪಕ್ಕ ಜಾರುವ ಸ್ವಿಚ್. ಅದರ ಮೇಲೆ ಕಾಣುವ ಅಂಕಿಯೇ ಈಗಿರುವ ಆಯ್ಕೆ. 115 ಕಂಡರೆ, ಕೇಬಲ್ ಪೂರ್ತಿ ತೆಗೆದಿರುವಾಗ ಸ್ಕ್ರೂಡ್ರೈವರ್ ತುದಿಯಿಂದ ಜಾರಿಸಿ 230 ಕಾಣುವಂತೆ ಮಾಡಿ. ಕರೆಂಟ್ ಇರುವಾಗ ಇದನ್ನು ಮುಟ್ಟಲೇಬೇಡಿ.

ನಮ್ಮಲ್ಲಿ ಢಂ ಅನ್ನುವ ಡೆಸ್ಕ್‌ಟಾಪ್‌ಗಳಲ್ಲಿ ಈ ಸ್ವಿಚ್ಚಿನ ಪಾತ್ರ ಬಹಳ ದೊಡ್ಡದು. ಯಾಕೆ ಎಂದು ತಿಳಿದರೆ ಮರೆಯುವುದಿಲ್ಲ. ಎಸ್‌ಎಂಪಿಎಸ್ ಒಳಗೆ ಬಂದ ಎಸಿ ಕರೆಂಟ್, ಅಂದರೆ ಹಿಂದೆ ಮುಂದೆ ಆಡುವ ಕರೆಂಟ್, ಮೊದಲು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್ ಆಗುತ್ತದೆ. ನಮ್ಮ 230 ಹಾಗೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಆ ಹೊರೆಯನ್ನು ಎರಡು ದೊಡ್ಡ ಕಂಡೆನ್ಸರ್‌ಗಳು ಅರ್ಧ ಅರ್ಧ ಹಂಚಿಕೊಳ್ಳುತ್ತವೆ. ಕಂಡೆನ್ಸರ್ ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಭಾಗ. ಒಂದೊಂದು ಸಾಮಾನ್ಯವಾಗಿ 200 ವೋಲ್ಟ್ ತಡೆಯುತ್ತದೆ. ಸ್ವಿಚ್ 115ರಲ್ಲಿದ್ದರೆ ಒಳಗಿನ ಜೋಡಣೆ ಬದಲಾಗಿ, ಬಂದ ವೋಲ್ಟೇಜನ್ನು ಡಬಲ್ ಮಾಡುವ ಸರ್ಕ್ಯೂಟ್ ಆಗುತ್ತದೆ. ಕಡಿಮೆ ವೋಲ್ಟೇಜಿನ ದೇಶದಲ್ಲೂ ಅದೇ 325ರ ಹತ್ತಿರ ತಲುಪಲಿ ಎಂದು ಹಾಗೆ ಮಾಡಿದ್ದಾರೆ. ಇದೇ ಜೋಡಣೆಗೆ ನಾವು 230 ಕೊಟ್ಟರೆ ಒಟ್ಟು 650ರ ಕಡೆಗೆ ಏರುತ್ತದೆ. 200 ತಡೆಯುವ ಕಂಡೆನ್ಸರ್ ಮೇಲೆ 325 ಬೀಳುತ್ತದೆ. ಆಗ ಅದು ಒಡೆಯುತ್ತದೆ, ಫ್ಯೂಸ್ ಹಾರುತ್ತದೆ, ಹೊಗೆ ಬರುತ್ತದೆ. ಇದಕ್ಕೆ ಕಂಪ್ಯೂಟರಿನ ಮುಂದಿನ ಬಟನ್ ಒತ್ತಬೇಕಾಗಿಯೂ ಇಲ್ಲ. ಗೋಡೆಯ ಬಟನ್ ಹಾಕಿದರೆ ಸಾಕು.

ಇಲ್ಲೇ ಕೊಂಡ ಹಳೆಯ ಕಂಪ್ಯೂಟರ್‌ನಲ್ಲೂ ಈ ಸ್ವಿಚ್ ಇರಬಹುದು. ಹಬ್ಬಕ್ಕೆ ಧೂಳು ಒರೆಸುವಾಗ, ಮಕ್ಕಳು ಆಡುವಾಗ ಜಾರಿಬಿಡುತ್ತದೆ. ಶಾಲೆ, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು ನೀವಾಗಿದ್ದರೆ, ಪ್ರತಿ ಕಂಪ್ಯೂಟರಿನ ಹಿಂದೆ ಹೋಗಿ 230 ಇದೆಯೇ ನೋಡಿ, ಅದರ ಮೇಲೆ ಗಟ್ಟಿ ಟೇಪ್ ಅಂಟಿಸಿಬಿಡಿ. ಇಂದೇ ಮಾಡಿ.

ಹೊಸ ಎಸ್‌ಎಂಪಿಎಸ್‌ಗಳಲ್ಲಿ ಹೆಚ್ಚಾಗಿ ಈ ಸ್ವಿಚ್ ಇರುವುದಿಲ್ಲ. ಆದರೆ ಸ್ವಿಚ್ ಇಲ್ಲದ್ದೆಲ್ಲ 100-240 ಎಂದು ಊಹಿಸಬೇಡಿ. ಬರೀ 115ರದ್ದಕ್ಕೂ ಸ್ವಿಚ್ ಇರುವುದಿಲ್ಲ, ಅಲ್ವಾ?

ಹಂತ 3: ಜೊತೆಗೆ ಬಂದ ಪ್ರತಿಯೊಂದನ್ನೂ ಬೇರೆ ಬೇರೆ ನೋಡಿ

ಕಂಪ್ಯೂಟರ್ ಸರಿ ಇದೆ ಎಂದು ಎಲ್ಲವನ್ನೂ ಒಟ್ಟಿಗೆ ಹಾಕಿಬಿಡುವುದು ಎಲ್ಲರೂ ಮಾಡುವ ತಪ್ಪು. ಮಾನಿಟರ್ ಹೆಚ್ಚಾಗಿ 100-240 ಇರುತ್ತದೆ. ಸ್ಪೀಕರ್, ವೈಫೈ ರೌಟರ್‌ಗಳ ಸಣ್ಣ ಅಡಾಪ್ಟರ್‌ಗಳಲ್ಲಿ ಬರೀ 120 ಇರುವುದು ಇನ್ನೂ ಸಿಗುತ್ತದೆ. ಎತ್ತಿ ನೋಡಿದಾಗ ಗಾತ್ರಕ್ಕಿಂತ ಭಾರ ಜಾಸ್ತಿ ಅನಿಸಿದರೆ ಒಳಗೆ ಹಳೆಯ ಕಾಲದ ಟ್ರಾನ್ಸ್‌ಫಾರ್ಮರ್ ಇರಬಹುದು, ಲೇಬಲ್ ಎರಡು ಸಲ ಓದಿ.

ಲೇಸರ್ ಪ್ರಿಂಟರ್ ಬಗ್ಗೆ ವಿಶೇಷ ಎಚ್ಚರ ಬೇಕು. ಕಾಗದದ ಮೇಲೆ ಶಾಯಿಪುಡಿಯನ್ನು ಕಾಯಿಸಿ ಅಂಟಿಸುವ ಹೀಟರ್ ಅದರಲ್ಲಿರುತ್ತದೆ. ಹಾಗಾಗಿ ಅಮೆರಿಕಕ್ಕೆ ಬೇರೆ ಮಾದರಿ, ನಮಗೆ ಬೇರೆ ಮಾದರಿ ಮಾಡುತ್ತಾರೆ. 230ನ್ನು 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸಬಹುದು, ಆದರೆ ಹೀಟರ್ ಕಾಯುವಾಗ ಲೇಸರ್ ಪ್ರಿಂಟರ್ ಸಾವಿರ ವ್ಯಾಟಿನ ಹತ್ತಿರ ಎಳೆಯಬಲ್ಲದು. ಅಷ್ಟು ತಾಳುವ ಟ್ರಾನ್ಸ್‌ಫಾರ್ಮರ್ ದೊಡ್ಡದು, ಭಾರ, ದುಬಾರಿ. ಆ ದುಡ್ಡನ್ನು ಇಲ್ಲಿನ ಪ್ರಿಂಟರಿಗೆ ಹಾಕಿ ಎನ್ನುವುದೇ ನನ್ನ ಸಲಹೆ. ಪ್ರವಾಸಿಗರಿಗೆ ಎಂದು ಮಾರುವ ಹಗುರವಾದ ಕನ್ವರ್ಟರ್‌ಗಳಲ್ಲಿ ಹಲವು ಇಸ್ತ್ರಿ, ಹೇರ್ ಡ್ರೈಯರ್‌ನಂಥ ಬರೀ ಕಾಯುವ ಸಾಮಾನಿಗೆ ಮಾತ್ರ. ಕಂಪ್ಯೂಟರ್, ಪ್ರಿಂಟರ್ ಅದಕ್ಕೆ ಹಾಕಬೇಡಿ.

ಎಲ್ಲಕ್ಕಿಂತ ಅಪಾಯದ್ದು ಅಲ್ಲಿಂದ ಬಂದ ಸ್ಪೈಕ್ ಬೋರ್ಡ್, ಅಂದರೆ ಉದ್ದ ವೈರಿನ ಸಾಕೆಟ್ ಪಟ್ಟಿ. ನೋಡಲು ಬರೀ ಸಾಕೆಟ್. ಆದರೆ ವೋಲ್ಟೇಜ್ ಏರಿದರೆ ತಾನು ಸುಟ್ಟುಕೊಂಡು ಉಳಿದದ್ದನ್ನು ಕಾಯುವ ಒಂದು ಭಾಗ ಒಳಗಿರುತ್ತದೆ, ಅದನ್ನು 120 ವೋಲ್ಟಿಗೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. ನಮ್ಮ 230 ಅದಕ್ಕೆ ಪ್ರತಿ ಕ್ಷಣವೂ ಏರಿದ ವೋಲ್ಟೇಜೇ. ಹೊತ್ತಿಕೊಳ್ಳಬಹುದು. ಇದನ್ನು ಬಳಸಬೇಡಿ, ಯಾರಿಗೂ ಕೊಡಲೂಬೇಡಿ. ಅಲ್ಲಿಂದ ಬಂದ 120 ವೋಲ್ಟಿನ ಯುಪಿಎಸ್‌ಗೂ ಇದೇ ಮಾತು.

ಹಂತ 4: ಪಿನ್ ಹೊಂದಿದರೆ ವೋಲ್ಟೇಜ್ ಹೊಂದಿತು ಎಂದಲ್ಲ

ನಮ್ಮ ಅಂಗಡಿಗಳಲ್ಲಿ ಸಿಗುವ ಯೂನಿವರ್ಸಲ್ ಸಾಕೆಟ್ ಬೋರ್ಡಿಗೆ ಅಮೆರಿಕದ ಚಪ್ಪಟೆ ಪಿನ್ನೂ ಹೋಗುತ್ತದೆ, ದುಬೈನ ದಪ್ಪ ಪಿನ್ನೂ ಹೋಗುತ್ತದೆ. ಕನ್ವರ್ಷನ್ ಪಿನ್ ಎಂದು ಸಣ್ಣ ಪ್ಲಾಸ್ಟಿಕ್ ತುಂಡನ್ನೂ ಮಾರುತ್ತಾರೆ. ಇವೆರಡೂ ಪಿನ್ನಿನ ಆಕಾರವನ್ನು ಮಾತ್ರ ಹೊಂದಿಸುತ್ತವೆ. ಒಂದು ವೋಲ್ಟನ್ನೂ ಇಳಿಸುವುದಿಲ್ಲ. ಕನ್ವರ್ಷನ್ ಎಂಬ ಹೆಸರು ನಂಬಿ ಸಾಮಾನು ಸುಟ್ಟುಕೊಂಡವರು ಬಹಳ.

ಡೆಸ್ಕ್‌ಟಾಪ್‌ಗೆ ಅಲ್ಲಿನ ಕೇಬಲ್ ಬಿಟ್ಟು ನಮ್ಮ ಮೂರು ಪಿನ್ನಿನ ಕೇಬಲ್ ಹಾಕಿ. ಅಮೆರಿಕದ ಕೇಬಲ್ ಮೇಲೆ 125 ವೋಲ್ಟ್ ಎಂದು ಬರೆದಿರುತ್ತದೆ, ಅದು ನಮ್ಮ ಕರೆಂಟಿಗೆ ಮಾಡಿದ್ದಲ್ಲ. ಕಂಪ್ಯೂಟರ್ ಕಡೆಯ ತುದಿ ಎಲ್ಲ ದೇಶದಲ್ಲೂ ಒಂದೇ ಆಕಾರ, ಹಾಗಾಗಿ ಇಲ್ಲಿನ ಕೇಬಲ್ ಸರಿಯಾಗಿ ಕೂರುತ್ತದೆ. ಮೇಲಿನ ದಪ್ಪ ಪಿನ್ ಮುರಿದು ಎರಡೇ ಪಿನ್ನಿನಲ್ಲಿ ಹಾಕುವ ಅಭ್ಯಾಸ ಬೇಡ. ಅದು ಅರ್ಥ್ ಪಿನ್. ಒಳಗೆ ಕರೆಂಟ್ ಸೋರಿದರೆ ಡಬ್ಬಿ ಮುಟ್ಟಿದವರಿಗೆ ಹೊಡೆಯದಂತೆ ನೆಲಕ್ಕೆ ಒಯ್ಯುವ ದಾರಿ.

ಹಂತ 5: ನಿಮ್ಮ ಬೋರ್ಡಿನಲ್ಲಿ ನಿಜಕ್ಕೂ ಎಷ್ಟು ಬರುತ್ತಿದೆ?

ಲೇಬಲ್ ಎಲ್ಲ ಸರಿ ಇದ್ದರೂ ಕಂಪ್ಯೂಟರ್ ಸುಡಬಹುದು, ಗೋಡೆಯಲ್ಲಿ 230 ಇಲ್ಲದಿದ್ದರೆ. ಟೆಸ್ಟರ್ ಬಲ್ಬ್ ಹೊತ್ತಿದರೆ ಕರೆಂಟ್ ಇದೆ ಎಂದಷ್ಟೇ ಗೊತ್ತಾಗುತ್ತದೆ. ಎಷ್ಟಿದೆ ಎನ್ನಲು ಮಲ್ಟಿಮೀಟರ್ ಬೇಕು.

ಕಪ್ಪು ವೈರನ್ನು ಕಾಮನ್ ತೂತಿಗೆ, ಕೆಂಪು ವೈರನ್ನು ವೋಲ್ಟ್ ತೂತಿಗೆ ಹಾಕಿ. ಪಕ್ಕದ 10 ಆಂಪಿಯರ್ ತೂತಿಗೆ ಹಾಕಿದರೆ ಬೋರ್ಡಿನಲ್ಲೇ ಶಾರ್ಟ್ ಆಗುತ್ತದೆ, ಇದನ್ನು ಎರಡು ಸಲ ನೋಡಿಕೊಳ್ಳಿ. ಗುಂಡಿಯನ್ನು ಎಸಿ 600 ಅಥವಾ 750ಕ್ಕೆ ತಿರುಗಿಸಿ. ಸಾಕೆಟ್ ಎದುರು ನಿಂತಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಇರಬೇಕು. ಫೇಸ್ ಅಂದರೆ ಕರೆಂಟ್ ಬರುವ ತಂತಿ, ನ್ಯೂಟ್ರಲ್ ಅಂದರೆ ಅದು ಮರಳಿ ಹೋಗುವ ತಂತಿ. ಕಡ್ಡಿಯ ಪ್ಲಾಸ್ಟಿಕ್ ಭಾಗವನ್ನಷ್ಟೇ ಹಿಡಿಯಿರಿ, ಕಾಲಿಗೆ ಚಪ್ಪಲಿ ಇರಲಿ. ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಶಿಯನ್ ಕರೆಸಿ, ಆದರೆ ಅಂಕಿಯನ್ನು ನೀವೇ ಕಣ್ಣಾರೆ ನೋಡಿ.

ಫೇಸ್ ಮತ್ತು ನ್ಯೂಟ್ರಲ್ ನಡುವೆ 210ರಿಂದ 250ರ ಒಳಗೆ ಬಂದರೆ ಸರಿ. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಐದು ವೋಲ್ಟಿಗಿಂತ ಕಡಿಮೆ ಇರಬೇಕು. ಮೂರನೆಯದು ಜಾಸ್ತಿ ಬಂದರೆ, ಅಥವಾ ಎರಡನೆಯದು ನಿಲ್ಲದೆ ಕುಣಿದರೆ, ಅರ್ಥಿಂಗ್ ಸರಿ ಇಲ್ಲ ಎಂದು ಅನುಮಾನಿಸಿ. ಕಲಬುರಗಿ, ಯಾದಗಿರಿಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಸರಳಿನಿಂದ ದೂರ ಸರಿಯುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲವೂ ಬೇಗ ಒಣಗುತ್ತದೆ. ಬೇಸಿಗೆ ಪೂರ್ತಿ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿರಿ.

ಈಗ ದೊಡ್ಡ ವಿಷಯ. ನಮ್ಮ ಬೀದಿಗೆ ಮೂರು ಫೇಸ್ ಬರುತ್ತವೆ, ಒಂದೊಂದು ಮನೆಗೆ ಒಂದೊಂದು ಫೇಸ್ ಹಂಚಿರುತ್ತಾರೆ. ಮರಳುವ ನ್ಯೂಟ್ರಲ್ ಮಾತ್ರ ಎಲ್ಲರಿಗೂ ಒಂದೇ. ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಹತ್ತಿರವೋ ಕಂಬದ ಮೇಲೋ ಆ ನ್ಯೂಟ್ರಲ್ ಕಟ್ ಆದರೆ, ಎರಡು ಫೇಸ್‌ಗಳ ನಡುವಿನ ಸುಮಾರು 400 ವೋಲ್ಟ್ ಮನೆಗಳ ನಡುವೆ ಹಂಚಿಹೋಗುತ್ತದೆ. ಕಡಿಮೆ ಸಾಮಾನು ಹಾಕಿದ ಮನೆಗೆ ಜಾಸ್ತಿ ಪಾಲು ಬರುತ್ತದೆ. 300 ದಾಟುವುದು ದೊಡ್ಡ ಮಾತಲ್ಲ. 100-240ರ ಎಸ್‌ಎಂಪಿಎಸ್ ಕೂಡ ಅದನ್ನು ತಾಳುವುದಿಲ್ಲ. ಗುರುತು ಹೀಗಿರುತ್ತದೆ: ಬಲ್ಬ್ ಕಣ್ಣು ಕುಕ್ಕುವಷ್ಟು ಬೆಳಗುತ್ತದೆ, ಫ್ಯಾನ್ ಒಮ್ಮೆಲೇ ಜೋರಾಗುತ್ತದೆ, ಅದೇ ಹೊತ್ತಿಗೆ ಪಕ್ಕದ ಮನೆಯ ದೀಪ ಮಂಕಾಗುತ್ತದೆ. ಗಾಳಿ ಮಳೆ ಬಂದ ಸಂಜೆ ಹೀಗಾಗುವುದು ಹೆಚ್ಚು. ಕಂಡ ತಕ್ಷಣ ಮೊದಲು ಮೇನ್ ಬಂದ್ ಮಾಡಿ. ಆಮೇಲೆ 1912ಕ್ಕೆ ಫೋನ್ ಮಾಡಿ ಜೆಸ್ಕಾಂಗೆ ದೂರು ಕೊಡಿ, ಅಕ್ಕಪಕ್ಕದವರಿಗೂ ಮೇನ್ ಬಂದ್ ಮಾಡಲು ಹೇಳಿ. ಕಂಬಕ್ಕೆ ನೀವು ಏರಬೇಡಿ, ಯಾರನ್ನೂ ಏರಿಸಬೇಡಿ.

ಸ್ಪೈಕ್ ಬೋರ್ಡ್ ಇದಕ್ಕೆ ರಕ್ಷಣೆ ಅಲ್ಲ. ಅದು ಕ್ಷಣಮಾತ್ರದ ಏರಿಕೆಗೆ ಮಾತ್ರ. ಮೇನ್ ಬೋರ್ಡಿನಲ್ಲಿ ಕೂರಿಸುವ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಸಿಗುತ್ತದೆ, ವೋಲ್ಟೇಜ್ ಮಿತಿ ದಾಟಿದರೆ ಇಡೀ ಮನೆಯ ಕರೆಂಟ್ ಕಡಿಯುತ್ತದೆ. ಟಿವಿ, ಫ್ರಿಜ್, ಕಂಪ್ಯೂಟರ್ ಎಲ್ಲ ಒಟ್ಟಿಗೆ ಉಳಿಯುವುದರಿಂದ ನಾನು ಮೊದಲು ಇದನ್ನೇ ಹಾಕಿಸಿ ಎನ್ನುತ್ತೇನೆ. ಬರೀ ಕಂಪ್ಯೂಟರಿಗೆ ಒಳ್ಳೆಯ ಯುಪಿಎಸ್ ಕೂಡ ಸಹಾಯ ಮಾಡುತ್ತದೆ. ಬೇಸಿಗೆಯಲ್ಲಿ ಕೂಲರ್, ಏಸಿ ಓಡಿ ವೋಲ್ಟೇಜ್ ಬಿದ್ದಾಗ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುವುದನ್ನೂ ಅದು ತಪ್ಪಿಸುತ್ತದೆ.

ಹಂತ 6: ಮೊದಲ ಸಲ ಆನ್

ಹಗಲು ಹೊತ್ತಿನಲ್ಲಿ, ಲೈನ್ ಶಾಂತವಾಗಿರುವಾಗ ಮಾಡಿ. ಡಬ್ಬಿ, ಮಾನಿಟರ್, ಕೀಬೋರ್ಡ್ ಇಷ್ಟೇ ಸಾಕು. ಗೋಡೆಯ ಬಟನ್ ಹಾಕಿ ಒಂದು ನಿಮಿಷ ಕಾಯಿರಿ. ಸದ್ದು, ವಾಸನೆ ಇಲ್ಲದಿದ್ದರೆ ಮುಂದಿನ ಬಟನ್ ಒತ್ತಿ.

ಹಂತ 7: ಢಂ ಅಂದುಬಿಟ್ಟರೆ

ಗೋಡೆಯ ಬಟನ್ ಬಂದ್ ಮಾಡಿ. ಅಲ್ಲಿಂದಲೇ ಹೊಗೆ ಬರುತ್ತಿದ್ದರೆ ಮೇನ್ ಬಂದ್ ಮಾಡಿ. ನೀರು ಹಾಕಬೇಡಿ. ಕಿಟಕಿ ತೆಗೆದು ಎಲ್ಲರೂ ಹೊರಗೆ ಬನ್ನಿ, ಆ ಹೊಗೆ ಎಳೆದುಕೊಳ್ಳುವಂಥದ್ದಲ್ಲ. ಹೊಗೆ ನಿಂತ ಮೇಲೆ ಪಿನ್ ತೆಗೆಯಿರಿ.

ಇಲ್ಲಿಂದ ಮುಂದೆ ಎರಡು ಕೆಲಸ ಮಾಡಬೇಡಿ. ಬಿದ್ದ ಎಂಸಿಬಿ ಎತ್ತಿ ಮತ್ತೊಮ್ಮೆ ಹಾಕಿ ನೋಡಬೇಡಿ. ಎಸ್‌ಎಂಪಿಎಸ್ ಪೆಟ್ಟಿಗೆ ಬಿಚ್ಚಬೇಡಿ. ಪಿನ್ ತೆಗೆದ ಮೇಲೂ ಒಳಗಿನ ಕಂಡೆನ್ಸರ್‌ಗಳು ಪ್ರಾಣಕ್ಕೆ ಅಪಾಯವಾಗುವಷ್ಟು ಕರೆಂಟ್ ಹಿಡಿದಿಟ್ಟಿರಬಹುದು. ಒಳಗಿನ ಫ್ಯೂಸ್ ಬದಲಿಸಿದರೆ ಸಾಕು ಎಂದು ಯಾರಾದರೂ ಹೇಳುತ್ತಾರೆ. ಫ್ಯೂಸ್ ಹಾರಿದ್ದು ಬೇರೆ ಭಾಗ ಶಾರ್ಟ್ ಆದದ್ದಕ್ಕೆ. ಹೊಸ ಫ್ಯೂಸ್ ಹಾಕಿದರೆ ಅದೂ ಹಾರುತ್ತದೆ.

ಸಮಾಧಾನದ ಸಂಗತಿ ಇದು: ಗೋಡೆಯ ಕರೆಂಟ್ ಮತ್ತು ಕಂಪ್ಯೂಟರಿನ 12 ವೋಲ್ಟ್ ನಡುವೆ ಎಸ್‌ಎಂಪಿಎಸ್ ಒಳಗೆ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಎರಡೂ ಬದಿಗೆ ತಂತಿಯ ಸಂಪರ್ಕ ಇಲ್ಲ. ಗೋಡೆ ಬದಿಯ ಭಾಗಗಳು ಸುಟ್ಟು ಅಲ್ಲೇ ನಿಲ್ಲುವುದು ಸಾಮಾನ್ಯ. ಮದರ್‌ಬೋರ್ಡ್, ಡಿಸ್ಕ್ ಉಳಿದಿರುವ ಸಾಧ್ಯತೆ ಚೆನ್ನಾಗಿದೆ. ತೀರಾ ಅಗ್ಗದ ಎಸ್‌ಎಂಪಿಎಸ್ ಆದರೆ ಮಾತ್ರ ಈ ಭರವಸೆ ಕಡಿಮೆ.

ಹಂತ 8: ಡಿಸ್ಕ್ ಮೊದಲು ಹೊರಗೆ

ರಿಪೇರಿಗೆ ಒಯ್ಯುವ ಮೊದಲೇ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ತೆಗೆದು ಮನೆಯಲ್ಲಿ ಇಟ್ಟುಕೊಳ್ಳಿ. ನಿಮ್ಮ ಫೋಟೋ, ದಾಖಲೆ, ಮಕ್ಕಳ ಪ್ರಾಜೆಕ್ಟ್ ಎಲ್ಲ ಅದರಲ್ಲೇ ಇದೆ. ಯುಎಸ್‌ಬಿ ಡಿಸ್ಕ್ ಕೇಸ್‌ನಲ್ಲಿ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಕಾಣಿಸಿದರೆ ಆಗಲೇ ಎಲ್ಲವನ್ನೂ ಕಾಪಿ ಮಾಡಿ. ವಿಂಡೋಸ್ ಬಿಟ್‌ಲಾಕರ್ ಬೀಗ ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕಂಪ್ಯೂಟರ್ ಕಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇರಬಹುದು, ಅವರನ್ನೇ ಕೇಳಿ.

ಡಿಸ್ಕ್ ತಿರುಗದಿದ್ದರೆ ಅಥವಾ ಅದರ ಹಸಿರು ಬೋರ್ಡಿನ ಮೇಲೆ ಕಪ್ಪು ಕಲೆ ಇದ್ದರೆ ಅಲ್ಲಿಗೆ ನಿಲ್ಲಿಸಿ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡ್ ತಂದು ಹಾಕುವುದು ಬಹಳ ಸಲ ಕೆಲಸ ಮಾಡುವುದಿಲ್ಲ, ಪ್ರತಿ ಡಿಸ್ಕಿನ ಬೋರ್ಡಿನಲ್ಲಿ ಆ ಡಿಸ್ಕಿಗೆ ಮಾತ್ರ ಸೇರಿದ ಮಾಹಿತಿ ಇರುತ್ತದೆ. ಡೇಟಾ ರಿಕವರಿ ಮಾಡುವವರಿಗೇ ಕೊಡಿ.

ಹಂತ 9: ಹೊಸ ಎಸ್‌ಎಂಪಿಎಸ್

ಅಂಗಡಿಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ: 115ರಲ್ಲಿದ್ದಾಗ 230ಕ್ಕೆ ಹಾಕಿದೆವು, ಢಂ ಅಂತು. ಮುಚ್ಚಿಟ್ಟರೆ ಅವರೂ ಪರೀಕ್ಷೆಗೆ ಎಂದು ಮತ್ತೊಮ್ಮೆ ಕರೆಂಟ್ ಕೊಡುತ್ತಾರೆ.

ಹಳೆಯದನ್ನು ರಿಪೇರಿ ಮಾಡಿಸಬೇಡಿ, ಹೊಸದು ಹಾಕಿಸಿ. ವ್ಯಾಟ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಹಲವು ಡಬ್ಬಿಗಳಲ್ಲಿ ಮಾಮೂಲಿ 24 ಪಿನ್ನಿನ ಕನೆಕ್ಟರ್ ಇರುವುದಿಲ್ಲ. ಹಳೆಯ ಎಸ್‌ಎಂಪಿಎಸ್ ಕೈಯಲ್ಲೇ ತೆಗೆದುಕೊಂಡು ಹೋಗಿ ತೋರಿಸಿ. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತ ವಿಚಾರಿಸಿ. ಸಿಗದಿದ್ದರೆ ಬೀದರ್ ಕಡೆಯವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ದೂರವಲ್ಲ.

ಬಿಚ್ಚಿ ಜೋಡಿಸುವ ಕೇಬಲ್ ಇರುವ ಎಸ್‌ಎಂಪಿಎಸ್ ಆದರೆ ಹಳೆಯ ಕೇಬಲ್ ಉಳಿಸಿ ಹೊಸದಕ್ಕೆ ಹಾಕಬೇಡಿ. ತುದಿ ಕೂರುತ್ತದೆ, ಒಳಗಿನ ತಂತಿಗಳ ಜಾಗ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ, ಢಂ ಸದ್ದಿನಲ್ಲಿ ಉಳಿದ ಡಿಸ್ಕ್ ಇಲ್ಲಿ ಸಾಯುತ್ತದೆ.

ಜೋಡಿಸಿದ ಮೇಲೆ ಮದರ್‌ಬೋರ್ಡ್, ಪ್ರೊಸೆಸರ್, ಒಂದೇ ರ‍್ಯಾಮ್ ಇಟ್ಟು ಆನ್ ಮಾಡಿಸಿ. ಪರದೆ ಮೇಲೆ ಅಕ್ಷರ ಬಂದರೆ ಉಳಿದ ಭಾಗಗಳನ್ನು ಒಂದೊಂದಾಗಿ ಹಾಕಿಸಿ, ಪ್ರತಿ ಸಲ ಪಿನ್ ತೆಗೆದೇ. ಹೀಗೆ ಅರ್ಧ ಗಂಟೆ ನಿರಾಳವಾಗಿ ಓಡಿದ ಮೇಲೆ ಮನೆಯಲ್ಲಿಟ್ಟ ಡಿಸ್ಕನ್ನು ಕೊನೆಗೆ ಜೋಡಿಸಿ.